ಕೋತಿ ಕೆಡಿಸಿದ ನೀಲ

ನಮ್ಮ ಕಾಲದಲ್ಲಿ ಒಂದು ಹಳೇ ಉಂಗುರ ಮನೆಗೆ ಬಂದರೆ, ಅದು ಮೂರು ದಿನ ನಮ್ಮ ಜೊತೆ ಎದ್ದು, ಕೂತು, ಓಡಾಡಿ, ಆಮೇಲೆ ತಾನು ಆಗಿಬರುತ್ತೇನೋ ಇಲ್ಲವೋ ಅಂತ ತಾನೇ ಹೇಳಬೇಕಾಗಿತ್ತು. ಈಗ ನನ್ನ ಮೊಮ್ಮಗಳು ಮಂಚದ ಮೇಲೆ ಬಿದ್ದುಕೊಂಡು ಮೊಬೈಲು ಉಜ್ಜುತ್ತಾ ಹರಳಿನ ಉಂಗುರ ಆರಿಸುತ್ತಾಳೆ. "ಕೈಯಲ್ಲಿ ಹಿಡಿದು ನೋಡ್ದೆ ಹೆಂಗಮ್ಮಾ ಆರಿಸ್ತೀಯ?" ಅಂದರೆ, "ಇಷ್ಟ ಆಗ್ಲಿಲ್ಲ ಅಂದ್ರೆ ಏಳು ದಿನದಲ್ಲಿ ವಾಪಸ್ ಕಳಿಸ್ಬೋದು ತಾತ, ನೀವ್ ಸುಮ್ನಿರಿ" ಅನ್ನುತ್ತಾಳೆ.

ಸುಮ್ಮನಿರಬೇಕಂತೆ. ಯಾರಿಗೆ ಹೇಳುತ್ತಿದ್ದಾಳೆ ಅನ್ನುವುದಾದರೂ ಗೊತ್ತಿದೆಯಾ ಅವಳಿಗೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ಹಳೇ ಉಂಗುರವನ್ನು ಒಂದು ಸಲ ತಿರುಗಿಸಿ ನೋಡಿ ಅದರ ಹಣೆಬರಹ ಹೇಳುವವನು ನಾನೊಬ್ಬನೇ. ಉಳಿದವರು ಇದ್ದರು, ಹೋದರು. ಕಲಿಸಿದವನು ನಮ್ಮ ತಾತ. ಕಲಿತದ್ದು ಮಾತ್ರ ಅವನಿಗೆ ಕಾಟ ಕೊಟ್ಟು.

ನಮ್ಮದು ಗೌನಿಪಲ್ಲಿ ಕಡೆಯ ಊರು, ಆಂಧ್ರದ ಗಡಿ, ತಾತನ ಮಾತಲ್ಲಿ ಅರ್ಧ ತೆಲುಗು. ರಾಗಿ, ಹಿಪ್ಪುನೇರಳೆ, ಮನೆ ಹಿಂದೆ ಆರು ಮಾವಿನ ಮರ. ತಾತನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ, ಇದ್ದದ್ದು ಉಂಗುರದ ಹುಚ್ಚು ಒಂದೇ. ಹೊಸದು ಮುಟ್ಟುತ್ತಿರಲಿಲ್ಲ. ಯಾರೋ ತೊಟ್ಟು ಬಾಳಿ ಬಿಟ್ಟದ್ದೇ ಆಗಬೇಕು. ಅಂಥವು ಐದು, ಹಲ್ಲುಪುಡಿಯ ತಗಡಿನ ಡಬ್ಬಿಯಲ್ಲಿ, ಹಳೇ ಪಂಚೆಯ ಚೂರುಗಳಲ್ಲಿ ಸುತ್ತಿಕೊಂಡು ಮಲಗಿದ್ದವು. ಹವಳ, ಗೋಮೇಧಿಕ, ಪುಷ್ಯರಾಗ, ಪಚ್ಚೆ, ನೀಲ. ಡಬ್ಬಿ ತೆಗೆದರೆ ಲವಂಗದ ವಾಸನೆ. ಇವತ್ತಿಗೂ ಯಾರಾದರೂ ಹಲ್ಲುನೋವಿಗೆ ಲವಂಗ ಕಡಿದರೆ ನನಗೆ ನೆನಪಾಗುವುದು ನೀಲದ ಕಲ್ಲು.

ಆ ಬೇಸಿಗೆ ನನಗೆ ಒಂಬತ್ತು ವರ್ಷ. ಸರೋಜತ್ತೆಗೆ, ಅಂದರೆ ನಮ್ಮಪ್ಪನ ತಂಗಿಗೆ, ಮುಳಬಾಗಿಲಿನಲ್ಲಿ ಮೇಷ್ಟರಾಗಿದ್ದ ಹುಡುಗ ಗೊತ್ತಾಗಿದ್ದ. ನಿಶ್ಚಿತಾರ್ಥಕ್ಕೆ ಹತ್ತು ದಿನ. ಅಳಿಯನ ಬೆರಳಿಗೆ ಡಬ್ಬಿಯಿಂದ ಒಂದು ಉಂಗುರ ಹಾಕಬೇಕು ಅನ್ನುವುದು ತಾತನ ಆಸೆ. ಆದರೆ ಹಳೇ ಉಂಗುರಕ್ಕೆ ಹಿಂದೆ ತೊಟ್ಟವರ ಒಳ್ಳೆಯದು ಕೆಟ್ಟದ್ದು ಅಂಟಿಕೊಂಡಿರುತ್ತೆ, ಮೂರು ದಿನ ಮೈಗೆ ಕಟ್ಟಿ ನೋಡದೆ ಕೊಡುವ ಹಾಗಿಲ್ಲ. ಹುಡುಗ ಇರುವುದು ಮುಳಬಾಗಿಲಿನಲ್ಲಿ. ಕಟ್ಟುವುದು ಯಾರಿಗೆ?

ತಾತ ಪಂಚಾಂಗ ಹಿಡಿದು ಕೂತ. ಆ ಹುಡುಗನ ರಾಶಿ ನಕ್ಷತ್ರವೂ ನನ್ನದೂ ಒಂದೇ.

"ಸಿಕ್ಕಿದ್ನಲ್ಲ!" ಅಂತ ತೊಡೆ ತಟ್ಟಿದ. "ಇವನಿಗಾದ್ರೆ ಅಳಿಯಂದ್ರಿಗೂ ಆಯ್ತು."

ಅಜ್ಜಿ ಒಲೆ ಮುಂದಿನಿಂದಲೇ ಕೂಗಿದಳು. "ಈ ಮುಂಡೇದುಕ್ಕಾ? ಇದುಕ್ಕೆ ಯಾವ್ ಹರಳ್ ಕಟ್ಟಿದ್ರೂ ಹರಳೇ ಹಾಳಾಗೋದು!"

ಅಜ್ಜಿಗೆ ನನ್ನ ಬೆಲೆ ಗೊತ್ತಿತ್ತು.

ಮೊದಲು ಹವಳ. ಕಪ್ಪು ದಾರದಲ್ಲಿ ಬಲರಟ್ಟೆಗೆ, ಕಲ್ಲು ಚರ್ಮಕ್ಕೆ ತಾಗುವ ಹಾಗೆ ಕಟ್ಟಿದ. ಅಲ್ಲಿಂದ ಶುರುವಾಯಿತು ನೋಡಿ. ಎದ್ದರೆ "ಏಮಿರಾ, ಏನಾದ್ರೂ ಆಯ್ತಾ? ಕನಸ್ ಬಿತ್ತಾ?" ಉಂಡರೆ "ಏಮಿರಾ, ಏನಾದ್ರೂ ಆಯ್ತಾ? ಹೊಟ್ಟೆ ತುಂಬ್ತಾ?" ಬಹಿರ್ದೆಸೆಗೆ ಹೋಗಿ ಬಂದರೂ ಬೇಲಿ ಹತ್ತಿರ ನಿಂತು ಅದೇ ಪ್ರಶ್ನೆ. ಥೂ, ಸಾಕುಸಾಕಾಗಿಹೋಗಿತ್ತು.

ಎರಡನೇ ದಿನ ತೋತಾಪುರಿ ಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಏಳು ತಿಂದೆ. ಸಂಜೆಗೆ ಹೊಟ್ಟೆ ಹಿಡಿದುಕೊಂಡು ಉರುಳಾಡಿದೆ. ಬೇರೆ ದಿನವಾಗಿದ್ದರೆ ಬೆನ್ನ ಮೇಲೆ ಬೀಳುತ್ತಿತ್ತು. ಅವತ್ತು ತಾತ ದಾರ ಬಿಚ್ಚಿ, "ಹವಳ ಆಗ್ಬರ್ಲಿಲ್ಲ, ಪಾಪ ಮಗೂನ ಏನ್ ಗೋಳಾಡಿಸ್ತು" ಅಂದ.

ಮಗೂನ! ಮಾವಿನಕಾಯಿಯ ಮಾತೇ ಇಲ್ಲ!

ಅಲ್ಲಿಗೆ ನನ್ನ ತಲೆ ಓಡಿತು. ಏನು ಮಾಡಿದರೂ ತಪ್ಪು ಕಲ್ಲಿನದು. ಇಂಥ ಯೋಗ ಈ ಭೂಮಿಯ ಮೇಲೆ ಇನ್ಯಾವ ಹುಡುಗನಿಗೆ ಬಂದಿತ್ತು ಹೇಳಿ. ಗೋಮೇಧಿಕ ಕಟ್ಟಿದ ದಿನ ಚಿನ್ನಿದಾಂಡು ಆಡಿ ಪಕ್ಕದ ಮನೆಯ ಎರಡು ಹೆಂಚು, ಒಂದು ನೀರಿನ ಮಡಕೆ ಒಡೆದೆ. ಗೋಮೇಧಿಕ ಡಬ್ಬಿಗೆ ಹೋಯಿತು. ಪುಷ್ಯರಾಗದ ದಿನ ರೇಷ್ಮೆಹುಳುವಿಗೆ ಅಂತ ಕೊಯ್ದಿಟ್ಟ ಸೊಪ್ಪಿನ ಕೋಣೆಗೆ ಮೇಕೆ ಬಿಟ್ಟೆ. ಹುಳುಗಳು ಉಪವಾಸ, ಮೇಕೆಗೆ ಮದುವೆ ಊಟ, ತಪ್ಪು ಪುಷ್ಯರಾಗದ್ದು. ಪಚ್ಚೆಯ ದಿನ ಪುಸ್ತಕ ಹಿಡಿಯದೆ ಮರದ ಮೇಲಿದ್ದು, ಬಿದ್ದು, ಮೊಣಕಾಲು ಕೆತ್ತಿಸಿಕೊಂಡೆ. ಪಚ್ಚೆಯೂ ಹೋಯಿತು. ನನಗೆ ಬೆಲ್ಲದ ಪಾನಕ ಬಂತು.

ತಾತನ ಮುಖ ದಿನದಿನಕ್ಕೂ ಸಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಹೇಳಿಯೇಬಿಟ್ಟ. "ನೀಲಾನೂ ಆಗ್ಲಿಲ್ಲ ಅಂದ್ರೆ ಶಾಸ್ತ್ರ ಶ್ರಾವಣಕ್ಕೆ ಹೋಗ್ಲಿ. ಆಗ್ದಿರೋ ಉಂಗುರ ಹಾಕಿ ಹುಡುಗೀನ ಕಳಿಸಲ್ಲ ನಾನು."

ಅತ್ತೆ ನನ್ನನ್ನು ಕಿವಿ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹಿಂದಿನ ವರ್ಷದ ಗಂಡು ಹಿಂಗೇ ಹೋಗಿದ್ದು ಗೊತ್ತೇನೋ ನಿನಗೆ? ನಿಮ್ ತಾತ ಉಂಗುರ ನೋಡ್ತಾ ಕೂತ್ರು, ಅವ್ರು ಬೇರೆ ಕಡೆ ಹೆಣ್ಣು ನೋಡ್ಕೊಂಡ್ರು. ನೀನ್ ಮೇಕೆ ಬಿಟ್ಟಿದ್ ನಾನ್ ನೋಡ್ದೆ ಕಣೋ. ಹೇಳ್ಲಿಲ್ಲ."

"ಯಾಕ್ ಹೇಳ್ಲಿಲ್ಲ ಅತ್ತೆ?"

"ಪುಷ್ಯರಾಗ ಹೋದ್ರೆ ನೀಲ ಬೇಗ ಬರುತ್ತಲ್ಲ ಅಂತ. ನನಗ್ ಬೇಕಾಗಿರೋದು ನೀಲಾನೇ. ಮೂರೇ ದಿನ ಮನುಷ್ಯನ ಥರ ಇರೋ, ನಿನ್ ಕಾಲಿಗ್ ಬೀಳ್ತೀನಿ. ಮುಗಿದ್ ಮೇಲೆ ಒಬ್ಬಟ್ಟು ಮಾಡ್ಕೊಡ್ತೀನಿ."

ಅತ್ತೆಗೆ ಕಣ್ಣಿತ್ತು. ಡಬ್ಬಿಯಲ್ಲಿದ್ದದ್ದರಲ್ಲಿ ನೀಲವೇ ರಾಜ. ತಾತ ಅದನ್ನು ಬೆಳಗಿನ ಬಿಸಿಲಿಗೆ ಹಿಡಿದು ನನಗೆ ಪಾಠ ಹೇಳುತ್ತಿದ್ದ. "ದೀಪದ್ ಬೆಳಕಲ್ಲಿ ಹರಳ್ ನೋಡ್ಬಾರ್ದು, ಅಲ್ಲಿ ಎಲ್ಲಾ ಚೆಂದಾನೇ. ಹರಳ್ ಕೂರಿಸಿರೋ ಕಟ್ಟಡದ ಹಿಂದೆ ತೆರೆದಿರ್ಬೇಕು. ಮುಚ್ಚಿದ್ರೆ ಒಳಗೆ ಏನೋ ಬಚ್ಚಿಟ್ಟವ್ರೆ ಅಂತ. ಬೆರಳ್ ಸುತ್ತೋ ಬಳೆ ಅಂಗೈ ಕಡೆ ಸವೆದಿರ್ಬೇಕು, ಅದೇ ಬಾಳಿದ ಗುರುತು. ಒಳಗೆ ಒಂದ್ ಗೆರೆನಾದ್ರೂ ಇರ್ಬೇಕು, ಇಲ್ಲದಿದ್ರೆ ಅದು ಗಾಜು. ನೋಡ್ರಾ ಇಲ್ಲಿ, ನಮ್ ಹುಳ ಒಳಗ್ ಕೂತು ನೂಲು ಬಿಟ್ಟಂಗಿಲ್ವಾ?" ಇತ್ತು. ನೀಲಿಯ ಆಳದಲ್ಲಿ ರೇಷ್ಮೆಯ ಎಳೆಗಳು, ಒಂದರ ಮೇಲೊಂದು. ಅಷ್ಟು ಇಷ್ಟವಾದದ್ದಕ್ಕೇ ಅದರ ಮೇಲೆ ಅಷ್ಟು ಭಯ. ನೀಲ ಶನಿಯ ಕಲ್ಲು, ಒಲಿದರೆ ಎತ್ತಿ ಕೂರಿಸುತ್ತೆ, ಮುನಿದರೆ ಮಣ್ಣು ಮಾಡುತ್ತೆ ಅಂತ ಕೊನೆಗೆ ಉಳಿಸಿಕೊಂಡಿದ್ದ.

ಕಟ್ಟಿದ. ನಾನು ಮನುಷ್ಯನಾದೆ. ಅಯ್ಯೋ, ಅದೆಂಥ ಹಿಂಸೆ! ಮರ ಹತ್ತಲಿಲ್ಲ, ಚಿನ್ನಿ ಮುಟ್ಟಲಿಲ್ಲ, ಮುದ್ದೆಯನ್ನು ಅಗಿಯದೆ ಮೆತ್ತಗೆ ನುಂಗಿದೆ. ಗೆಳೆಯರು ಬೇಲಿಯಾಚೆ ನಿಂತು "ಏನ್ಲಾ, ಮೈಲಿಗೆ ಆಗಿದ್ಯಾ?" ಅಂತ ಕಿಸಿಯುತ್ತಿದ್ದರು. ತಾತ ಕೇಳಿದಾಗಲೆಲ್ಲ "ಏನೂ ಆಗ್ಲಿಲ್ಲ ತಾತ, ಒಳ್ಳೇ ಕನಸ್ ಬಿತ್ತು" ಅನ್ನುತ್ತಿದ್ದೆ. ಎರಡೂವರೆ ದಿನ! ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೊಂದೇ ಸಲ.

ಮೂರನೇ ದಿನ ಮಧ್ಯಾಹ್ನ ಅತ್ತೆಗೆ ತಡೆಯಲಿಲ್ಲ. ಸಂಜೆ ಕೊಡಬೇಕಾದ ಒಬ್ಬಟ್ಟನ್ನು ತುಪ್ಪ ಸುರಿದು ಆಗಲೇ ತಂದು ಕೈಗಿಟ್ಟಳು. ಜಗಲಿಯ ಮೇಲೆ ಕೂತು ಇನ್ನೇನು ಬಾಯಿಗೆ ಇಡಬೇಕು, ಹೆಂಚಿನ ಮೇಲಿಂದ ಒಂದು ಗಡವ ಕೋತಿ ದಪ್ಪನೆ ಇಳಿಯಿತು. ಒಬ್ಬಟ್ಟಿಗೆ ಕೈ ಹಾಕಿತು. ನಾನು ಬಿಡಲಿಲ್ಲ, ಬಿಡುವುದು ಹೇಗೆ? ಕೋತಿ ನನ್ನ ಕೆನ್ನೆಗೊಂದು ಬಾರಿಸಿ, ಬಲರಟ್ಟೆಯನ್ನು ಪರಚಿ, ಒಬ್ಬಟ್ಟು ಕಿತ್ತುಕೊಂಡು, ಮರ ಹತ್ತಿ ಕೂತು ನನ್ನೆದುರಿಗೇ ತಿಂದಿತು.

ಅತ್ತೆ ಓಡಿಬಂದು ಅರಿಶಿನ ಒತ್ತಿ, ಅಪ್ಪನ ತುಂಬುತೋಳಿನ ಅಂಗಿ ತೊಡಿಸಿದಳು. ವೈಶಾಖದ ಬಿಸಿಲಲ್ಲಿ ತುಂಬುತೋಳು! ತಾತ ಬಂದ.

"ಏಮಿರಾ, ಏನಾದ್ರೂ ಆಯ್ತಾ?"

"ಏನೂ ಆಗ್ಲಿಲ್ಲ ತಾತ."

"ಮತ್ತೆ ಅಂಗಿ ಯಾಕೆ?"

"ಚಳಿ."

ತೋಳಿನಲ್ಲಿ ರಕ್ತ ಆಗಲೇ ಒಸರುತ್ತಿತ್ತು. ತಾತ ಮಡಿಸಿ ನೋಡಿದ. ಗೀರು ಸರಿಯಾಗಿ ದಾರದ ಪಕ್ಕದಲ್ಲೇ. ದಾರದ ಗಂಟಿಗೆ ಕೈ ಹಾಕಿದ.

ನಾನು ಎಲ್ಲ ಕಕ್ಕಿಬಿಟ್ಟೆ. ಮಾವಿನಕಾಯಿ, ಹೆಂಚು, ಮೇಕೆ, ಮರ, ಕೊನೆಗೆ ಕೋತಿ. "ಯಾವ ಕಲ್ಲೂ ಏನೂ ಮಾಡಿಲ್ಲ ತಾತ, ಎಲ್ಲಾ ನಾನೇ!"

ತಾತ ಪೂರ್ತಿ ಕೇಳಿಸಿಕೊಂಡ. "ಸರಿ, ಅವೆಲ್ಲ ನೀನ್ ಮಾಡಿದ್ದು, ಒಪ್ಪಿದೆ. ಕೋತೀನೂ ನೀನೇ ಕರೆಸಿದ್ಯೇನ್ಲಾ?"

 

"ಮತ್ತೆ ಉಳಿದ ನಾಲ್ಕನ್ನ ಇನ್ನೊಂದ್ ಸಲ ಕಟ್ಟಿ ನೋಡೋಣ" ಅಂದ ತಾತ. ಹನ್ನೆರಡು ದಿನ ಬೇಕು. ಇದ್ದದ್ದು ಒಂದು ದಿನ. ಅತ್ತೆ ಕಂಬ ತಬ್ಬಿಕೊಂಡು ಅತ್ತಳು. ಅಜ್ಜಿ ಸೌಟು ಎಸೆದಳು. "ನಿಮ್ ಕಲ್ಲಿಗೆ ಕಲ್ ಹಾಕ! ಹುಡುಗಿ ಮುಖ ನೋಡ್ರಿ ಒಂದ್ ಸಲ!"

ತಾತ ನೋಡಿದ. ನೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆಯ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋದ. ಅಲ್ಲಿ ಊರೂರು ತಿರುಗುವ ಯಾವನೋ ವ್ಯಾಪಾರಿಗೆ ಅದನ್ನು ಕೊಟ್ಟು, ಬದಲಿಗೆ ಕೆಂಡದಂಥ ಒಂದು ಕೆಂಪಿನ ಉಂಗುರ ತಂದ. ದೀಪದ ಬೆಳಕಲ್ಲಿ ನೋಡಿದ್ದ. ಹಿಂದೆ ಮುಚ್ಚಿದ ಕಟ್ಟಡ. ನಾಲ್ಕು ತಾಲ್ಲೂಕಿಗೇ ಪಾಠ ಹೇಳುವವನು ತನ್ನ ಎರಡು ಪಾಠವನ್ನೂ ಒಂದೇ ಸಂಜೆ ಮರೆತಿದ್ದ.

ನಿಶ್ಚಿತಾರ್ಥ ಆಯಿತು, ಮದುವೆ ಆಯಿತು. ಮೇಷ್ಟ್ರು ಮಾವ ಪಾಪ ದಿನಾ ಉಂಡು ಕೈ ತೊಳೆಯುವ ಮನುಷ್ಯ. ಆರು ತಿಂಗಳಿಗೆ ನೀರು ಒಳಗಿಳಿದು, ಕಲ್ಲಿನ ಕೆಳಗಿಟ್ಟಿದ್ದ ಹೊಳಪಿನ ತಗಡು ಕಪ್ಪಿಟ್ಟು, ಕೆಂಪು ಹೋಗಿ ಕರೀ ಗಾಜಾಯಿತು. ಆದರೂ ಮಾವ ಅದನ್ನು ಬಿಚ್ಚಲಿಲ್ಲ. ಕರೀ ಉಂಗುರ ತೊಟ್ಟುಕೊಂಡೇ ನಲವತ್ತು ವರ್ಷ ಅತ್ತೆಯ ಜೊತೆ ಚೆನ್ನಾಗಿ ಬಾಳಿದ. ಅತ್ತೆ ಹಬ್ಬಹಬ್ಬಕ್ಕೂ ಅವನ ಕೈ ಎತ್ತಿ ನನಗೆ ತೋರಿಸುತ್ತಿದ್ದಳು. "ನೋಡೋ, ನಿನ್ ಕೋತಿ ಉಂಗುರ!"

"ಒಬ್ಬಟ್ಟು ತಂದ್ಕೊಟ್ಟೋರು ಯಾರತ್ತೆ?" ಅನ್ನುತ್ತಿದ್ದೆ ನಾನು. ಅತ್ತೆ ಮಾವನ ಕೈ ಬಿಟ್ಟು ಅಡುಗೆಮನೆಗೆ ನಡೆಯುತ್ತಿದ್ದಳು.

ಆ ನೀಲಕ್ಕೆ ನಾನು ಎಲ್ಲೆಲ್ಲಿ ತಿರುಗಿದೆ ಅಂತ ಕೇಳಬೇಡಿ. ಸಂತೆ, ಅಕ್ಕಸಾಲಿಗರ ಬೀದಿ, ಸತ್ತವರ ಮನೆಯ ಪೆಟ್ಟಿಗೆ. ಹುಡುಕುತ್ತಾ ಹುಡುಕುತ್ತಾ ನನ್ನ ಡಬ್ಬಿಗೆ ಹದಿನೆಂಟು ಉಂಗುರ ಬಿದ್ದವು. ಒಂದರ ಒಳಗೂ ಆ ರೇಷ್ಮೆ ಇಲ್ಲ. ತಾತ ಹೋದ, ಮಾವ ಹೋದ. ಹೋದ ವರ್ಷ ಅತ್ತೆಯೂ ಹೋದಳು.

ಮೊನ್ನೆ ಮಾಲೂರಿನಲ್ಲಿ ಒಂದು ನೀಲ ಸಿಕ್ಕಿತು. ಅದಲ್ಲ, ಆದರೆ ಹತ್ತಿರ ಹತ್ತಿರ ಅಂಥದ್ದೇ. ಹಿಂದೆ ತೆರೆದಿದೆ, ಬಳೆ ಸವೆದಿದೆ. ಬೆಳಗಿನ ಬಿಸಿಲಿಗೇ ಹಿಡಿದು ನೋಡಿದೆ. ಕಪ್ಪು ದಾರದಲ್ಲಿ ಬಲರಟ್ಟೆಗೆ ನಾನೇ ಹಲ್ಲಲ್ಲಿ ಕಚ್ಚಿ ಗಂಟು ಹಾಕಿಕೊಂಡೆ. ಮೊದಲನೇ ದಿನ ಬಚ್ಚಲಲ್ಲಿ ಜಾರಿ ಮೊಣಕೈ ತರಚಿತು. ಎರಡನೇ ದಿನ ಮಾವಿನ ಹಣ್ಣು ಜಾಸ್ತಿ ತಿಂದು ಹೊಟ್ಟೆ ಕೆಟ್ಟಿತು. ಮೂರನೇ ದಿನ ಯಾವುದೋ ಒಳ್ಳೇ ಕನಸು ಬಿತ್ತು. ಮನೆತುಂಬ ಜನ ಇದ್ದಾರೆ, ಕೆಟ್ಟವರಲ್ಲ, ಊಟ ಆಯ್ತಾ ಅಂತಾರೆ, ಮಾತ್ರೆ ತಗೊಂಡ್ರಾ ಅಂತಾರೆ. ರಟ್ಟೆಯ ಮೇಲಿನ ದಾರ ಯಾರ ಕಣ್ಣಿಗೂ ಬೀಳಲಿಲ್ಲ.

ನಾಲ್ಕನೇ ದಿನ ಬಿಚ್ಚಿ ಡಬ್ಬಿಗೆ ಹಾಕಿದೆ. ನನ್ನ ಮೈಯ ಒಂದೊಂದು ಗೀರನ್ನೂ ಎಣಿಸಿ "ಏಮಿರಾ, ಏನಾದ್ರೂ ಆಯ್ತಾ?" ಅಂತ ಕೇಳುವವನು ಇಲ್ಲದೆ, ಈ ನೀಲ ಆಗಿಬಂತೋ ಇಲ್ಲವೋ, ನಾಲ್ಕು ತಾಲ್ಲೂಕಿನ ಈ ಪಂಡಿತನಿಗೇ ಗೊತ್ತಾಗಲಿಲ್ಲ.