ಜೋಳಿಗೆ ಒಂದೇ ಇತ್ತು

ಬಿಸಿ ಜೋಳದ ರೊಟ್ಟಿಯನ್ನು ದಪ್ಪ ಬಟ್ಟೆಯಲ್ಲಿ ಕಟ್ಟಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಗಂಟು ಬಿಚ್ಚಿದರೆ ಒಂದು ವಾಸನೆ ಏಳುತ್ತದೆ. ಅದು ಬರೀ ರೊಟ್ಟಿಯದೂ ಅಲ್ಲ, ಬರೀ ಬಟ್ಟೆಯದೂ ಅಲ್ಲ. ರೊಟ್ಟಿಯ ಬೆವರನ್ನು ಬಟ್ಟೆ ಕುಡಿದು ಬಿಡುವ ವಾಸನೆ. ಹೋದ ವರ್ಷ ಕೊಪ್ಪಳದಲ್ಲಿ, ನಮ್ಮ ಸೀಮೆಯಿಂದ ಕಾಲೇಜು ಓದಿ ಬಂದು ಊರಿಗಾಗಿ ದುಡಿದು ತೀರಿಹೋದವರ ನೆನಪಿಗೆಂದು ಒಂದು ಸಭೆ ಮಾಡಿದ್ದರು. ನನ್ನ ಸೋದರಮಾವ ಶಾಂತಪ್ಪ ಮತ್ತು ಅವನ ಇಬ್ಬರು ಕಾಲೇಜು ಗೆಳೆಯರ ಫೋಟೋಗಳಿಗೆ ಹಾರ ಹಾಕಿ ವೇದಿಕೆಯ ಮೇಲೆ ಇಟ್ಟಿದ್ದರು. ಮಾತಾಡಿದವರೆಲ್ಲ ಅವರನ್ನು ದೇವಮಾನವರು ಅಂದರು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯರನ್ನು ದೇವರು ಮಾಡಿ ಗೋಡೆಗೆ ತೂಗುಹಾಕಿಬಿಟ್ಟರೆ, ಅವರು ಮಾಡಿದ್ದನ್ನು ನಾವು ಮಾಡುವ ಗೋಜು ತಪ್ಪಿತಲ್ಲ! ಎದ್ದು ಹೋಗೋಣವೆಂದು ಕೋಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಊಟಕ್ಕೆಂದು ಯಾರೋ ಹೆಣ್ಣುಮಕ್ಕಳು ಪಕ್ಕದಲ್ಲೇ ರೊಟ್ಟಿಯ ಗಂಟು ಬಿಚ್ಚಿದರು. ಆ ವಾಸನೆ ಬಂದು ನನ್ನನ್ನು ಹಿಡಿದು ಕೂಡಿಸಿತು.

ನಾನು ತಾಯಿ ಇಲ್ಲದ ಕೂಸು. ಕುಷ್ಟಗಿಯಲ್ಲಿ ಆಯಿಯ ಮನೆಯಲ್ಲಿ, ಅಂದರೆ ನನ್ನ ತಾಯಿಯ ತಾಯಿ ನೀಲವ್ವನ ಮನೆಯಲ್ಲಿ ಬೆಳೆದವಳು. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಅಂಗಳ, ಅಂಗಳದಾಚೆ ದನದ ಕೊಟ್ಟಿಗೆ, ಒಳಗೆ ಹೊಗೆ ಹಿಡಿದು ಕಪ್ಪಾದ ತೊಲೆಗಳ ಅಡುಗೆಮನೆ. ಬೆಳಗಿನ ಜಾವ ಆಯಿ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರ. ಆ ಸಪ್ಪಳ ಇವತ್ತು ಯಾವ ಮನೆಯಲ್ಲೂ ಇಲ್ಲ. ಆಯಿಗೆ ಒಂದು ವಿದ್ಯೆ ಇತ್ತು, ಅದು ಊರಿಗೆಲ್ಲ ಗೊತ್ತಿತ್ತು. ಯಾವ ಮನೆಯ ರೊಟ್ಟಿ ತಂದುಕೊಟ್ಟರೂ ಅಂಚು ಮುಟ್ಟಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, ಅದು ಯಾರ ಕೈಯದು ಅಂತ ಹೇಳಿಬಿಡುತ್ತಿದ್ದಳು. ಒಮ್ಮೆ ಪಕ್ಕದ ಮನೆಯಿಂದ ಬಂದ ರೊಟ್ಟಿ ನೋಡಿ, "ಬಡದಾಕಿ ಸೊಸಿ, ಬೇಯ್ಸಿದಾಕಿ ಅತ್ತಿ. ಇಬ್ಬರಿಗೂ ಇವತ್ತ ಮಾತಿಲ್ಲ," ಅಂದಳು. ಕೇಳಿಕೊಂಡು ಬಂದೆ, ಖರೆ ಇತ್ತು. ಮಡಿ ಮೈಲಿಗೆಯಲ್ಲೂ ಆಯಿ ಅಷ್ಟೇ ಬಿಗಿ. ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ, ಬೇರೆ ಕೈಯ ಅಡುಗೆ ಬಾಯಿಗಿಡುತ್ತಿರಲಿಲ್ಲ.

ಮಾವ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದಾಗ ಓಣಿಯ ಜನ ನೋಡಲು ಬಂದಿದ್ದರು. ನಿಜಾಮರ ಕಾಲ, ಗಿರ್ದಾವರನ ನೌಕರಿ ಅವನಿಗಾಗಿಯೇ ಕಾಯುತ್ತಿದೆ ಅಂತ ಸುದ್ದಿ. ಕುದುರೆ ಏರಿ ಹಳ್ಳಿ ಹಳ್ಳಿ ತಿರುಗಿ ಕಂದಾಯ ನೋಡುವ ದೊಡ್ಡ ಕೆಲಸ. ಮಗ ನೌಕರಿಗೆ ಹಾಕಿಕೊಂಡು ಹೋಗಲಿ ಅಂತ ಆಯಿ ದಪ್ಪನೆಯ ಕರಿ ಶೇರವಾನಿ ಹೊಲಿಸಿಟ್ಟಿದ್ದಳು. ಅವನು ನೌಕರಿಯನ್ನೂ ಒಲ್ಲೆನೆಂದ, ಶೇರವಾನಿಯನ್ನೂ ಒಲ್ಲೆನೆಂದ. ಅಷ್ಟಕ್ಕೇ ಬಿಡಲಿಲ್ಲ, ಆಯಿಯ ಕಣ್ಣೆದುರೇ ಅದನ್ನು ಕತ್ತರಿಸಿ ಹೆಗಲಿಗೆ ಹಾಕುವ ಜೋಳಿಗೆ ಹೊಲಿದ. ಅವನ ಜೊತೆಗೆ ಇಬ್ಬರು ಬಂದು ನಮ್ಮ ಮನೆಯಲ್ಲೇ ಉಳಿದರು. ಒಬ್ಬ ಹನುಮಂತರಾವ್, ಗಂಗಾವತಿಯ ಹತ್ತಿರದ ಮರಳಿಯವನು, ಭತ್ತದ ಗದ್ದೆಯ ಬ್ರಾಹ್ಮಣರ ಹುಡುಗ. ಇನ್ನೊಬ್ಬ ಕೊಪ್ಪಳದ ಖಾದರ್, ಬಟ್ಟೆ ಅಂಗಡಿಯವರ ಮಗ. ಅವನ ಚಿಕ್ಕಮ್ಮನ ಮನೆ ಕುಷ್ಟಗಿಯಲ್ಲೇ ಇತ್ತು. ಮೂವರೂ ಕಾಲೇಜಿನಲ್ಲಿದ್ದಾಗಲೇ ಮಾತಾಡಿಕೊಂಡಿದ್ದರಂತೆ: ನಮ್ಮ ಹಳ್ಳಿಯ ಹುಡುಗರು ಸಾಲಿ ಬಿಡುವುದು ದಡ್ಡರೆಂದು ಅಲ್ಲ, ಸಾಲಿ ಇರುವ ಊರಲ್ಲಿ ಅವರಿಗೆ ಉಣ್ಣಲು ಇಲ್ಲವೆಂದು. ದನದ ಕೊಟ್ಟಿಗೆ ತೊಳೆದು, ಸಾರಿಸಿ, ಹಳ್ಳಿಯ ಹುಡುಗರನ್ನು ತಂದು ಇಟ್ಟುಕೊಂಡರು. ಅದಕ್ಕೆ ಊರು ಬೋರ್ಡಿಂಗು ಅಂತ ಹೆಸರಿಟ್ಟಿತು. ದನಗಳು ಅಂಗಳಕ್ಕೆ ಬಂದವು. ಆಯಿ ಮಗನ ಜೊತೆ ಮಾತು ಬಿಟ್ಟಳು.

ಹುಡುಗರ ಊಟಕ್ಕೆ ಆ ಜೋಳಿಗೆ. ಮೂವರು ಪದವೀಧರರು ದಿನಾ ಬೆಳಿಗ್ಗೆ ಸರದಿಯಂತೆ ಅದನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆ ಮುಂದೆ ನಿಂತು, "ಸಾಲಿ ಹುಡುಗ್ರಿಗೆ ರೊಟ್ಟಿ ನೀಡ್ರವ್ವಾ," ಅಂತ ಕೂಗುತ್ತಿದ್ದರು. ಗಂಡಸರು ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೇ ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಅಡುಗೆಮನೆತನಕ ನುಗ್ಗಿ, ಒಲೆಯ ಮುಂದೆ ಕೂತು ಹಟ ಮಾಡಿ ತರುತ್ತಿದ್ದೆ. ಕೆಲವರು ನಗುತ್ತ ಕೊಡುತ್ತಿದ್ದರು. ಕೆಲವರು, "ಬಿ.ಎ. ಓದಿದ್ದು ಭಿಕ್ಷಾ ಬೇಡಾಕೇನು?" ಅನ್ನುತ್ತಿದ್ದರು. ಖಾದರ್ ಅದಕ್ಕೆ, "ಹೌದ್ರಿ, ಎಮ್.ಎ. ಆಗಿದ್ರ ಪಲ್ಯಾನೂ ಕೇಳ್ತಿದ್ವಿ," ಅನ್ನುತ್ತಿದ್ದ. ಹನುಮಂತರಾವ್ ಮಾತ್ರ ಮೊದಲ ದಿನಗಳಲ್ಲಿ ಕೂಗಲಾರದೆ ಕೆಮ್ಮುತ್ತಿದ್ದ. ಅವನ ಕೆಮ್ಮು ಕೇಳಿಯೇ ಹೆಂಗಸರು ರೊಟ್ಟಿ ತರುತ್ತಿದ್ದರು. ದೇವಮಾನವರಂತೆ! ಮಾವನಿಗೆ ಮುಂಗೋಪ, ಖಾದರನಿಗೆ ಬೀಡಿ, ಹನುಮಂತರಾವ್‌ಗೆ ಒಂದು ಸಾರೂ ಮಾಡಲು ಬರುತ್ತಿರಲಿಲ್ಲ. ಸಾಲಿಯಲ್ಲಿ ಎಲ್ಲಾ ಉರ್ದು. ಸಂಜೆ ಬೋರ್ಡಿಂಗಿನಲ್ಲಿ ಮೂವರೂ ಕನ್ನಡ ಕಲಿಸುತ್ತಿದ್ದರು. ಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ನೆಲದ ಮೇಲೆ ಮರಳು ಹರವಿ ನನ್ನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸಿದವನು ಖಾದರ್. ಬೋರ್ಡಿಂಗು ನಡೆದರೆ ನನ್ನ ಓದು, ನಿಂತರೆ ನನ್ನ ಮದುವೆ. ಅಷ್ಟು ಆ ವಯಸ್ಸಿಗೇ ನನಗೆ ತಿಳಿದಿತ್ತು.

ಬೋರ್ಡಿಂಗಿನಲ್ಲಿ ಕೆಳಗಿನ ಕೇರಿಯ ಹುಡುಗನೂ ಇದ್ದ, ಊರು ಮುಟ್ಟಿಸಿಕೊಳ್ಳದ ಜನರ ಮಗ. ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ. ಅದು ಊರಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದಿತ್ತು. ಒಂದು ದಿನ ಮಾವ ಮತ್ತು ನಾನು ಜೋಳಿಗೆ ಹೊತ್ತು ಬರುವಾಗ ಆ ಹುಡುಗನ ತಾಯಿ ದುರಗವ್ವ ದಾರಿಯ ಪಕ್ಕ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ನಿಂತಿದ್ದಳು. "ಧಣೇರ, ನನ ಮಗಾ ಊರ ರೊಟ್ಟಿ ಉಣತಾನ. ನನ ರೊಟ್ಟಿ ಯಾರರ ಉಣಬ್ಯಾಡೇನ್ರಿ?" ಅಂದಳು. ಆಕೆ ಬೇಡಲಿಲ್ಲ, ಜಗಳಕ್ಕೆ ನಿಂತಂತೆ ಕೇಳಿದಳು. ಮಾವ ಜೋಳಿಗೆಯ ಬಾಯಿ ಅಗಲಿಸಿ ಮುಂದೆ ಹಿಡಿದ. ಆಕೆಯ ರೊಟ್ಟಿ ದಪ್ಪ, ಅಂಚು ಒರಟು. ಊರೆಲ್ಲ ಸಗಣಿ ಕುಳ್ಳಿನ ಒಲೆ. ಆಕೆಗೆ ಎಲ್ಲಿಯ ದನ, ಎಲ್ಲಿಯ ಕುಳ್ಳು? ಹೊಲದಲ್ಲಿ ಉಳಿದ ಹತ್ತಿಕಟ್ಟಿಗೆ ಆರಿಸಿ ತಂದು ಉರಿ ಹಾಕುತ್ತಿದ್ದಳು. ಅದರ ಕಟು ಹೊಗೆ ಆ ರೊಟ್ಟಿಗೆ ಹತ್ತಿರುತ್ತಿತ್ತು. ಅದು ನನಗೇ ಗೊತ್ತಾಗುತ್ತಿತ್ತು ಅಂದಮೇಲೆ ಆಯಿಗೆ ಕೇಳುವುದೇನು.

ಸುದ್ದಿ ಗಾಳಿಗಿಂತ ಮುಂಚೆ ಹೋಯಿತು. ಮರುದಿನ ಊರ ಗೌಡ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತ. "ಶಾಂತಪ್ಪ, ಎರಡು ಜೋಳಿಗಿ ಮಾಡು. ಅವರದು ಅವರಿಗೆ, ನಮ್ಮದು ನಮಗ. ಯಾರಿಗೂ ತ್ರಾಸಿಲ್ಲ," ಅಂದ. ಮಾವ, "ಶೇರವಾನಿ ಒಂದ ಇತ್ತು, ಗೌಡ್ರ. ಜೋಳಿಗೀನೂ ಒಂದ," ಅಂದ. ಅವತ್ತಿನಿಂದ ಬಾಗಿಲುಗಳು ಮುಚ್ಚಿದವು. ನಾನು ಅಡುಗೆಮನೆಗೆ ನುಗ್ಗಿದರೆ ಹೆಂಗಸರು ಮುಖ ತಿರುಗಿಸಿ, "ಹೋಗವ್ವಾ, ನಮ್ಮವರು ಬೈತಾರ," ಅನ್ನುತ್ತಿದ್ದರು. ಕೆಳಗಿನ ಕೇರಿಯದು, ಖಾದರನ ಚಿಕ್ಕಮ್ಮನ ಓಣಿಯದು, ಮತ್ತೆ ಯಾರಿಗೂ ಅಂಜದ ಒಂದೆರಡು ಮನೆಯದು, ಅಷ್ಟೇ ರೊಟ್ಟಿ. ಒಂದು ರೊಟ್ಟಿಯನ್ನು ಹರಿದು ಹರಿದು ಹಂಚಿದರು. ಹುಡುಗರು ಅಂಬಲಿ ಕುಡಿದು ಸಾಲಿಗೆ ಹೋದರು. ಒಬ್ಬ ಹುಡುಗನ ತಂದೆ ಯಲಬುರ್ಗಾ ಕಡೆಯಿಂದ ಬಂದು, ಮಗನ ಕಂಬಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಹೊಟ್ಟೀಗೆ ಇಲ್ಲಂದ್ರ ಓದು ಏನ್ ಮಾಡ್ತೀರಿ? ದನಾ ಕಾಯ್ತಾನ ಬಿಡ್ರಿ," ಅಂತ ಕರೆದುಕೊಂಡು ಹೋದ. ಆ ಹುಡುಗ ತಿರುತಿರುಗಿ ನೋಡುತ್ತ ಹೋದ. ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಕೆಯ ಮನೆಯಿಂದ ಹಸಿದು ಹೋದವರನ್ನು ಅಲ್ಲಿಯತನಕ ನಾನು ಕಂಡಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಗೌಡ ಮತ್ತೆ ಬಂದ, ಈ ಸಲ ನಗುನಗುತ್ತ. "ಜೋಳಿಗಿ ಒಂದ ಇರಲಿ, ಒಪ್ಪಿದೆ. ನಿಮ್ಮವ್ವಗ ಯಾವ ರೊಟ್ಟಿ ಯಾರ ಕೈದು ಅಂತ ಗೊತ್ತಾಕ್ಕೈತಿ. ಆಕಿ ಕೂತು ಕೆಳಗಿನ ಕೇರಿದು, ಸಾಬರ ಓಣಿದು ಆರಿಸಿ ಬ್ಯಾರೆ ಮಾಡಲಿ. ನಾಳಿಂದ ಊರ ಬಾಗಲಾ ತೆರೀತಾವ," ಅಂದ. ಖಾದರ್ ಮಾವನ ಹತ್ತಿರ ಹೋಗಿ, "ನಮ್ಮ ಓಣಿ ರೊಟ್ಟಿ ಬಿಡೋಣು ಶಾಂತಪ್ಪ. ಹುಡುಗ್ರು ಉಳೀಲಿ," ಅಂದ. ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲೇ ಅತ್ಯಂತ ನೋವಿನ ಮಾತು ಅದು. ಹನುಮಂತರಾವ್ ಕೆಮ್ಮಿ, "ನಿಂದು ಬಿಟ್ಟ ದಿನ ನಾನೂ ಮರಳಿಗೆ ಹೋಗ್ತೇನಿ," ಅಂದ. ಮಾವ ಕೊನೆಗೆ ತಾಯಿಯ ಮುಖ ನೋಡಿ, "ಯವ್ವಾ, ನೀ ಹೆಂಗಂತಿ ಹಂಗ," ಅಂದ. ಶೇರವಾನಿ ಕತ್ತರಿಸಿದ ಮೇಲೆ ಅವನು ಕೇಳಿ ಆಕೆ ಉತ್ತರ ಕೊಡಬೇಕಾಗಿ ಬಂದದ್ದು ಅದೇ ಮೊದಲು.

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ಕೂತಳು. ಅಲ್ಲಿಯತನಕ ಮುಟ್ಟದಿದ್ದ ಆ ಕರಿ ಜೋಳಿಗೆಯನ್ನು ಎಳೆದುಕೊಂಡು ಬಾಯಿ ಬಿಚ್ಚಿದಳು. ಅದೇ ವಾಸನೆ ಎದ್ದಿತು. ಅವತ್ತಿನ ರೊಟ್ಟಿಗಳನ್ನು ಮೊರದಲ್ಲಿ ಹರವಿದಳು. ಹಿರಿಯರು ಕಟ್ಟೆಯ ಮೇಲೆ, ಹುಡುಗರು ಕೊಟ್ಟಿಗೆಯ ಬಾಗಿಲಲ್ಲಿ, ಓಣಿಯ ಹೆಂಗಸರು ಗೋಡೆಯಾಚೆ. ಗೌಡ ದಪ್ಪ ಅಂಚಿನ ರೊಟ್ಟಿಯೊಂದನ್ನು ಕಣ್ಣಲ್ಲೇ ತೋರಿಸಿ, "ಯಕ್ಕಾ, ಅದು ಯಾರದು?" ಅಂದ. ಆಯಿ ಅದನ್ನು ಕೈಗೆತ್ತಿಕೊಂಡಳು, ಅಂಚು ಸವರಿದಳು, ಬಿಸಿಲಿಗೆ ಹಿಡಿದಳು, ಮೂಗಿನ ಹತ್ತಿರ ತಂದು ಬಹಳ ಹೊತ್ತು ಹಿಡಿದಳು. ಹತ್ತಿಕಟ್ಟಿಗೆಯ ಹೊಗೆ ನಾನು ನಿಂತಲ್ಲಿಗೇ ಬರುತ್ತಿತ್ತು.

"ಜ್ವಾಳದ್ದು," ಅಂದಳು.

"ಜ್ವಾಳದ್ದು ಅಂಬೋದು ನನಗೂ ಕಾಣತೈತಿ. ಯಾರ ಕೈದು?"

"ತಿಳೀವಲ್ದು ತಮ್ಮಾ. ಕಣ್ಣು ಮಂಜಾಗ್ಯಾವ."

"ಕಣ್ಣು ಮುಚ್ಚಿ ವಾಸನಿ ಮ್ಯಾಲೆ ಹೇಳ್ತಿದ್ದೀ, ಊರಿಗೇ ಗೊತ್ತೈತಿ."

"ನೆಗಡಿ ಆಗೈತಿ," ಅಂದಳು ಆಯಿ. ಆ ಉರಿಬಿಸಿಲಲ್ಲಿ ಕೂತು ಒಂದು ಸಲ ಮೂಗನ್ನೂ ಏರಿಸಿದಳು.

ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಗೌಡನ ಮುಖ ಕೆಂಪಾಯಿತು. ಆಯಿ ಅದೇ ರೊಟ್ಟಿಯ ಅಂಚು ಮುರಿದಳು. ಹುಟ್ಟಿದಾಗಿನಿಂದ ಮಡಿಯಲ್ಲಿ ಬದುಕಿದ ಹೆಂಗಸು, ಅದನ್ನು ಬಾಯಿಗಿಟ್ಟು, ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಹೊರಳಿಸಿ, ಸಾವಕಾಶ ಅಗಿದು ನುಂಗಿದಳು. ಉಳಿದದ್ದನ್ನು ಮಾವನ ಕೈಗೆ ಕೊಟ್ಟು, "ಹುಡುಗ್ರನ್ನ ಕೂಡಸು. ರೊಟ್ಟಿ ಆರತಾವ," ಅಂದಳು. ಮಗನ ಜೊತೆ ಮತ್ತೆ ಮಾತು ಶುರುವಾದದ್ದು ಹಾಗೆ. ನನಗೆ ಅವತ್ತು ಅಳು ಯಾಕೆ ಬಂತೋ ಗೊತ್ತಿಲ್ಲ, ಹೆಮ್ಮೆಗೆ ಬಂತು ಅಂತ ಈಗ ಅನ್ನಬಲ್ಲೆ.

ಮರುದಿನ ಹಿತ್ತಿಲ ಬಾಗಿಲುಗಳು ತೆರೆದವು. ಗಂಡಂದಿರು ಗದರಿದರೆ ಹೆಂಗಸರು, "ಯಾವ ಜೋಳಿಗ್ಯಾಗ ಯಾರ ರೊಟ್ಟಿ ಐತೋ ನಮಗೇನ್ ಗೊತ್ತು? ನಮಗೂ ನೆಗಡಿ," ಅಂದರಂತೆ. ಆಯಿಯ ನೆಗಡಿ ಓಣಿಯಿಂದ ಓಣಿಗೆ ಹತ್ತಿತು. ಎಲ್ಲರಿಗೂ ಹತ್ತಿತು ಅನ್ನಲಾರೆ. ಗೌಡನ ಮನೆಯ ಬಾಗಿಲು ಕಡೆತನಕ ತೆರೆಯಲೇ ಇಲ್ಲ. ಆಯಿಯ ಸ್ವಂತ ತಂಗಿ ಮಗಳ ಮದುವೆಗೆ ಕರೆಯಲಿಲ್ಲ. ಪೂಜೆಗೆಂದು ಮನೆಗೆ ಬರುತ್ತಿದ್ದ ಐನೋರು ಬರುವುದು ಬಿಟ್ಟರು. "ಬಂದರ ಬರಲಿ, ಬಿಟ್ಟರ ಬಿಡಲಿ," ಅಂದು ಆಯಿ ಇನ್ನೂ ಬೇಗ ಎದ್ದು ಇನ್ನೂ ಹೆಚ್ಚು ರೊಟ್ಟಿ ಬಡಿದಳು. ಯಲಬುರ್ಗಾದ ಆ ಹುಡುಗನನ್ನು ಮಾವ ನಡೆದುಕೊಂಡೇ ಹೋಗಿ ಕರೆತಂದ. ಕಂಬಳಿಯನ್ನು ತಂದೆಯೇ ಹೊತ್ತುಕೊಂಡು ಹಿಂದೆ ಬಂದಿದ್ದ.

ಮೂವರೂ ಹೋದರು. ಮೊದಲು ಹೋದವನು ಹನುಮಂತರಾವ್. ಊರಿಗೆ ಕೆಟ್ಟ ಜ್ವರ ಬಂದ ಮಳೆಗಾಲದಲ್ಲಿ, ಹುಡುಗರ ಹಾಸಿಗೆಯ ಪಕ್ಕ ಕೂತು ಕೂತು ಅದೇ ಜ್ವರ ಹಚ್ಚಿಕೊಂಡು ಸತ್ತ. ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ನಿಜಾಮರ ಆಳ್ವಿಕೆ ಮುಗಿಯುವ ಗದ್ದಲದಲ್ಲಿ, ನಿಜಾಮರ ಪರ ಹತಾರ ಹಿಡಿದ ರಜಾಕಾರರು ಬೋರ್ಡಿಂಗಿನ ಮುಂದೆ ಬಂದಾಗ ಖಾದರ್ ಬಾಗಿಲಲ್ಲಿ ಅಡ್ಡ ನಿಂತ. ಅವರ ಕಾಲ ಮುಗಿದ ಮೇಲೆ ಬೇರೆ ಮಂದಿ, ಮುಸಲ್ಮಾನನೆಂದು ಸೇಡಿಗೆ ಖಾದರನನ್ನೇ ಹುಡುಕಿಕೊಂಡು ಬಂದರು, ಆಗ ಆಯಿ ಅದೇ ಬಾಗಿಲಲ್ಲಿ ನಿಂತು, "ಒಳಗ ನನ್ನ ಮಗಾ ಅದಾನ. ನನ್ನ ದಾಟಿ ಹೋಗ್ರಿ," ಅಂದಳು. ಯಾರೂ ದಾಟಲಿಲ್ಲ. ಖಾದರ್ ಮುದುಕನಾಗಿ, ಬೀಡಿ ಬಿಡದೆ, ಸಾಲಿ ಮಾಸ್ತರನಾಗಿಯೇ ತೀರಿದ. ಮಾವ ಯಲಬುರ್ಗಾದಲ್ಲಿ ಹುಡುಗಿಯರಿಗೆ ಸಾಲಿ ತೆರೆದ. ಅದರಲ್ಲಿ ನಾನು ಕಲಿಸಿದೆ. ಅವನು ಸತ್ತ ದಿನ ಗಂಡಸರ ಸಮ ನಾನೂ ಹೆಗಲು ಕೊಟ್ಟೆ, ಬೇಡ ಅಂದವರನ್ನು ಬೈದೇ ಕೊಟ್ಟೆ. ಆಯಿ ಹಾಸಿಗೆ ಹಿಡಿದಾಗ ಕೈ ಹಿಡಿದುಕೊಂಡು ಕೇಳಿದ್ದೆ: "ಆಯಿ, ಈಗರ ಹೇಳ. ಅವತ್ತು ಮುರದದ್ದು ಯಾರ ರೊಟ್ಟಿ?" ಆಯಿ ಕಣ್ಣು ಮುಚ್ಚಿಕೊಂಡೇ, "ಹೆಂಗ ತಿಳಿಬೇಕವ್ವಾ, ನೆಗಡಿ ಆಗಿತ್ತಲ್ಲ," ಅಂದಳು. ಸಾಯುವತನಕ ಆ ಸುಳ್ಳನ್ನು ಬಿಟ್ಟುಕೊಡಲಿಲ್ಲ. ಆ ಮನೆಯೂ ಈಗ ಇಲ್ಲ. ಅಂಗಳವಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಕೊಪ್ಪಳದ ಸಭೆಯಲ್ಲಿ ನಾನು ಊಟಕ್ಕೆ ಕೂತಾಗ, ಸ್ಮರಣ ಸಂಚಿಕೆ ಮಾಡುವ ಹುಡುಗನೊಬ್ಬ ಪೆನ್ನು ಹಿಡಿದು ಪಕ್ಕದಲ್ಲಿ ಬಂದು ಕೂತ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. "ಅಜ್ಜೀ, ಶಾಂತಪ್ಪನೋರು ಯಾವ ಪೈಕಿ ಆಗ್ತಿದ್ರು? ಒಳಪಂಗಡ ಯಾವುದು? ಆ ಬೋರ್ಡಿಂಗಿನ್ಯಾಗ ನಮ್ಮ ಮಂದಿ ಎಷ್ಟು, ಬ್ಯಾರೆ ಮಂದಿ ಎಷ್ಟು ಇದ್ರು? ಬ್ಯಾರೆ ಬ್ಯಾರೆ ಬರಕೊಂಡ್ರ ಛಲೋ ಅಕ್ಕೈತ್ರಿ," ಅಂದ. ವೇದಿಕೆಯ ಮೇಲೆ ಆ ಮೂವರು ಹಾರ ಹಾಕಿಕೊಂಡು ಅಸಹಾಯಕರಾಗಿ ನೋಡುತ್ತಿದ್ದರು. ನಾನು ಕೈಯಲ್ಲಿದ್ದ ರೊಟ್ಟಿಯ ಅಂಚು ಮುರಿದೆ.

"ತಿಳೀವಲ್ದು ತಮ್ಮಾ," ಅಂದೆ. "ನನಗ ನೆಗಡಿ ಆಗೈತಿ."

ಹುಡುಗ ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದ. ರೊಟ್ಟಿಗೆ ಹತ್ತಿಕಟ್ಟಿಗೆಯ ಹೊಗೆ ಹತ್ತಿತ್ತು. ಪೂರ್ತಿ ತಿಂದೆ.