ಎಡೆಗೆ ಮುಂಚಿನ ಮೂಳೆ

ಆ ದನದ ಡಾಕ್ಟರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮನೆಗೆ ಬಂದುಹೋದವರ ಮುಂದೆಲ್ಲ ಅವನನ್ನು ಬೈದಿದ್ದೇನೆ. ಬೈದಾಗಲೆಲ್ಲ ಅರ್ಧ ಕತೆ ಮಾತ್ರ ಹೇಳಿದ್ದೇನೆ. ಕೇಳಿ ಮರುಗಬೇಕಾದವರು ಈಗ ಯಾರೂ ಉಳಿದಿಲ್ಲ, ಪೂರ್ತಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಕ್ಕೆ ನನ್ನ ಗಂಡನ ಊರು. ಗಂಡ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದರು, ಶನಿವಾರ ಬಂದರೆ ಭಾನುವಾರ ಹೊರಟರು. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು, ಮಾವ. ಮತ್ತೆ ನಾಯಿ. ನಾಯಿ ನನ್ನ ತವರಿನದು. ನಂದಗುಡಿಯ ಕಡೆಯಿಂದ ನನ್ನ ಅಣ್ಣ ಅದನ್ನು ಕೈಗೂಸಿನಷ್ಟಿದ್ದಾಗ ಕುಕ್ಕೆಯಲ್ಲಿಟ್ಟು, ಮೇಲೆ ಸೊಪ್ಪು ಮುಚ್ಚಿ, ಬಸ್ಸಿನವನ ಕಣ್ಣಿಗೆ ಬೀಳದಂತೆ ತಂದುಕೊಟ್ಟಿದ್ದ. ನಮ್ಮ ತವರಿನ ಮಾತಿನಲ್ಲಿ ತೆಲುಗು ಬೆರೆತಿತ್ತು. ಗಂಡನ ಮನೆಯವರು ಅದನ್ನು ಕೇಳಿ ನಗುತ್ತಿದ್ದರೆಂದು ನಾನು ಆಡುವುದನ್ನೇ ಬಿಟ್ಟಿದ್ದೆ. ನಾಯಿಯ ಹತ್ತಿರ ಮಾತ್ರ ಆಡುತ್ತಿದ್ದೆ. ಅದು ಒಂದು ಕಿವಿ ಮಡಿಚಿ, ಇನ್ನೊಂದು ನೆಟ್ಟಗೆ ಮಾಡಿ ಕೇಳುತ್ತಿತ್ತು. ಅದೊಂದು ಪ್ರಾಣಿ ಇಲ್ಲದಿದ್ದರೆ ಆ ಮನೆಯಲ್ಲಿ ಮೊದಲ ವರ್ಷ ನಾನು ಹೇಗೆ ಕಳೆಯುತ್ತಿದ್ದೆನೋ.

ಅತ್ತೆ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ನಮ್ಮವರಲ್ಲಿ ಆ ದಿನ ಮರಿ ಕಡಿದು, ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ, ಹೊಸ ಸೀರೆ ಪಂಚೆ ಇಟ್ಟು, ಸಂಜೆಗೆ ಎಡೆ ಹಾಕುತ್ತಾರೆ. ಬಾಗಿಲು ಮುಂದೆ ಮಾಡಿ ಹೊರಗೆ ಕಾದು, ಹಿರಿಯರು ಉಂಡರು ಎಂದುಕೊಂಡ ಮೇಲೆಯೇ ಮನೆಯವರ ಊಟ. ಅಲ್ಲಿಯವರೆಗೆ ಮಡಕೆಯೊಳಗಿನದು ಯಾರ ಬಾಯಿಗೂ ಹೋಗಬಾರದು. ಉಪ್ಪು ಖಾರ ಕೂಡ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ, ವಾಸನೆಯಲ್ಲೇ ತಿಳಿಯಬೇಕು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಮಾವ ಬೆಳಿಗ್ಗೆಯಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಅತ್ತೆಗೆ ಪ್ರಿಯವಾದ ಕಡುಬನ್ನು ನನಗೆ ಮೂರು ಸಲ ನೆನಪಿಸಿದ್ದರು.

ಮಧ್ಯಾಹ್ನ ನಾಯಿ ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಹಬ್ಬದ ಗಡಿಬಿಡಿಯಲ್ಲಿ ಅದಕ್ಕೆ ಬೆಳಗಿನ ಮುದ್ದೆಯನ್ನೂ ಹಾಕಿರಲಿಲ್ಲ. ಆ ಕಡೆ ಈ ಕಡೆ ನೋಡಿ ಸೌಟಿನಲ್ಲಿ ಒಂದು ಮೂಳೆ ತೆಗೆದು, ಆರಿಸಿ, ಎಸೆದೆ. ಅಷ್ಟೇ ನಾನು ಮಾಡಿದ್ದು.

ರಾತ್ರಿ ಎಡೆಯ ಊಟ ಹಾಕಿದಾಗ ಅದು ಮೂಸಿ ಹಿಂದೆ ಸರಿಯಿತು. ಮಾರನೆಯ ದಿನ ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಮೂತಿ ಕೆರೆಯುತ್ತ ತಿರುಗಿತು. ನೀರಿಗೆ ಮೂತಿ ಇಡುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ಮಗಳು ತನ್ನ ಲಂಗದ ಅಂಚಿನಿಂದ ಅದರ ಜೊಲ್ಲು ಒರೆಸಿ ಒರೆಸಿ ಒದ್ದೆಯಾಗಿದ್ದಳು. ಮೂಳೆ ಆಗಲೇ ಹೊಟ್ಟೆ ಸೇರಿದೆ, ಅದಕ್ಕೇ ಅಜೀರ್ಣವಾಗಿರಬೇಕು ಎಂದು ನಾನಂದುಕೊಂಡೆ. ಮೂರನೆಯ ದಿನ ನನ್ನ ಅಳು ನೋಡಲಾರದೆ ಮಾವ ಗಾಡಿ ಕಟ್ಟಿದರು.

ದಾರಿಯುದ್ದಕ್ಕೂ ನಾಯಿಯ ತಲೆ ಮಾವನ ತೊಡೆಯ ಮೇಲೆ. ತಮ್ಮ ಟವೆಲಿನಿಂದ ಅದರ ಬಾಯಿ ಒರೆಸುತ್ತ, ಮಗುವಿಗೆ ಹೇಳುವಂತೆ ಏನೇನೋ ಹೇಳುತ್ತಿದ್ದರು. ನಾಯಿಗಾಗಿ ಗಾಡಿ ಕಟ್ಟಿದ ಮಾವ ಆ ಸುತ್ತಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಪೇಟೆಯ ದನದ ಆಸ್ಪತ್ರೆಯಲ್ಲಿ ನಾವು ಹೋದಾಗ ಡಾಕ್ಟರು ಒಂದು ಎಮ್ಮೆಯನ್ನು ನೋಡುತ್ತಿದ್ದರು. ಅದರ ಬಾಯಿ ಅಗಲಿಸಿ, ನಾಲಿಗೆಯನ್ನು ಹೊರಗೆಳೆದು ಹಿಡಿದು, ಮೊಣಕೈಯವರೆಗೆ ಒಳಗೆ ಕೈ ಹಾಕಿ ತಡವಿದರು. ನೋಡಿ ನನಗೆ ಧೈರ್ಯ ಬಂತು. ನಮ್ಮ ಸರದಿ ಬಂದಾಗ ಅವರು ಕೈ ತೊಳೆದು ಜಗಲಿ ಹತ್ತಿದರು. ನಾವು ಅಂಗಳದಲ್ಲಿ.

"ಇದು ದನದ ಆಸ್ಪತ್ರೆ ಕಣಮ್ಮ. ಬೀದಿ ನಾಯಿಗಳ್ನೆಲ್ಲ ಇಲ್ಲಿಗೆ ತಂದ್ರೆ ಹೆಂಗೆ?"

"ಬೀದಿದಲ್ಲ ಸಾರ್, ಮನೇದು" ಎಂದೆ.

ಕಾಂಪೌಂಡರು ನಕ್ಕ. ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದು ಅಲ್ಲಿಂದಲೇ ಕೇಳಿದರು. ನೀರು ಕುಡಿಯುತ್ತದೆಯೇ, ಯಾರನ್ನಾದರೂ ಕಚ್ಚಿತೇ. ಆಮೇಲೆ, "ಮೂಳೆಗೀಳೆ ಏನಾದ್ರೂ ತಿಂದಿತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನೇ ಹೇಳಿದರು. "ಇಲ್ಲ ಸಾಮಿ. ಹಬ್ಬದ ದಿವ್ಸ ಎಡೆ ಇಕ್ಕೋ ಗಂಟ ನಮ್ಮನೇಲಿ ನಾಯಿಗೂ ಹಾಕಲ್ಲ. ಆಮೇಲೆ ಹಾಕುದ್ರೆ ಮುಟ್ಲಿಲ್ಲ ಅದು. ಅಲ್ವೇನಮ್ಮ?"

ಹೆಮ್ಮೆಯಿಂದ ನನ್ನ ಕಡೆ ತಿರುಗಿದ್ದ ಆ ಮುಖ ನೋಡಿ ಹೇಳುವುದು ಹೇಗೆ? ನಿಮ್ಮ ಹೆಂಡತಿಯ ಮೊದಲ ಎಡೆಯನ್ನು ನಾನು ನಾಯಿಯ ಎಂಜಲು ಮಾಡಿದೆ ಎಂದು?

"ಹೂಂ ಮಾವ. ಏನೂ ತಿಂದಿಲ್ಲ ಸಾರ್."

"ಹಂಗಾದ್ರೆ ಹುಚ್ಚೇ" ಎಂದರು ಡಾಕ್ಟರು. "ಇವತ್ತೇ ಹೊಡೆಸ್ಬಿಡಿ. ಜೊಲ್ಲು ಮುಟ್ಟಿದವ್ರೆಲ್ಲ ದೊಡ್ಡಾಸ್ಪತ್ರೆಗೆ ಹೋಗಿ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸ್ಕಳಿ." ಅಷ್ಟು ಹೇಳಿ ಒಳಗೆ ಹೋದರು. ಎಮ್ಮೆಗೆ ಹಾಕಿದ ಕೈ ನಾಯಿಗೆ ಬೇಡ, ಒಂದು ಕಡ್ಡಿಯಿಂದ ತುಟಿ ಎತ್ತಿ ನೋಡಿದ್ದರೂ ಸಾಕಿತ್ತು. ಮಾವ ಹೋದ ಮೇಲೆ ಇಷ್ಟನ್ನೇ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು. ಅದರಲ್ಲಿ ಸುಳ್ಳೇನೂ ಇಲ್ಲ.

ಮರಳುವಾಗ ಗಾಡಿಯಲ್ಲಿ ಎರಡು ಸಲ "ಮಾವಾ" ಎಂದೆ. ಎರಡನೆಯ ಸಲ ಅವರು, "ಅಳ್ಬ್ಯಾಡ ಕಣವ್ವ. ನಿಮ್ಮತ್ತೇನೇ ಕಾದವ್ಳೆ, ಮಗೀಗೆ ಕಚ್ಚದಂಗೆ" ಎಂದರು.

ಹಂದಿ ಕಾಟಕ್ಕೆಂದು ಬಂದೂಕು ಇಟ್ಟುಕೊಂಡಿದ್ದ ಪಕ್ಕದ ಹೊಲದವನು ರಾಗಿ ಹೊಲದ ಬದುವಿನ ಹೊಂಗೆ ಮರಕ್ಕೆ ನಾಯಿಯನ್ನು ಕಟ್ಟಿಸಿದ. ಕರೆದುಕೊಂಡು ಹೋದದ್ದು ನಾನೇ, ಬೇರೆ ಯಾರ ಹಿಂದೆಯೂ ಅದು ಹೋಗುತ್ತಿರಲಿಲ್ಲ. ತೆಲುಗಿನಲ್ಲಿ ಕೂತುಕೋ ಎಂದೆ. ಕೂತಿತು. ಒಂದೇ ಗುಂಡು, ಎದೆಗೆ. ಅವನು ಗುಂಡಿ ತೋಡಿಕೊಟ್ಟು ದೂರ ಹೋದ. ಮಾವ ಸ್ನಾನಕ್ಕೆಂದು ಬಾವಿಯ ಕಡೆ ನಡೆದರು. ಮಣ್ಣು ಮುಚ್ಚುವುದನ್ನು ನಾನು ಮಾಡುತ್ತೇನೆಂದು ಹಟ ಹಿಡಿದಿದ್ದೆ.

ಗುಂಡಿಗೆ ಎಳೆಯುವಾಗ ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದುಕೊಂಡಿತು. ಮೇಲಿನ ದವಡೆಯಲ್ಲಿ, ಈ ಕಡೆಯ ಹಲ್ಲಿಂದ ಆ ಕಡೆಯ ಹಲ್ಲಿಗೆ ಅಡ್ಡಲಾಗಿ, ಮೂಳೆ ಸಿಕ್ಕಿಕೊಂಡಿತ್ತು. ಸುತ್ತಲಿನ ಮಾಂಸ ಕೊಳೆತು ನಾರುತ್ತಿತ್ತು. ಎರಡು ಬೆರಳು ಹಾಕಿ ತಿರುಚಿದೆ. ಬಂದುಬಿಟ್ಟಿತು. ಅದನ್ನು ನಾಯಿಯ ಜೊತೆಗೇ ಹಾಕಿ ಮಣ್ಣು ಮುಚ್ಚಿದೆ.

ಮಾರನೆಯ ದಿನದಿಂದ ನಾವು ಮೂವರೂ ಸೂಜಿಗೆ ಹೊರಟೆವು. ನಾಯಿಗೆ ಹುಚ್ಚಿರಲಿಲ್ಲ ಎಂದು ಆ ಬಸ್ಸಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ನೂಕಿದೆ. ಹೊಕ್ಕಳಿನ ಸುತ್ತ ಚುಚ್ಚಿದ ಜಾಗವೆಲ್ಲ ಗಂಟು ಕಟ್ಟಿ, ಮಾವನಿಗೆ ಬಗ್ಗಲಾಗುತ್ತಿರಲಿಲ್ಲ. ಆದರೂ ದಾರಿಯಲ್ಲಿ ದನದ ಆಸ್ಪತ್ರೆ ಬಂದರೆ ಆ ಕಡೆಗೆ ಕೈಮುಗಿಯುತ್ತಿದ್ದರು. "ಆ ಪುಣ್ಯಾತ್ಮ ಹೇಳ್ದೆ ಇದ್ದಿದ್ರೆ ನಾವ್ಯಾರೂ ಉಳೀತಿರ್ಲಿಲ್ಲ" ಎಂದು ಬಸ್ಸಿನವರಿಗೆಲ್ಲ ಹೇಳಿದರು. ಒಂದು ದಿನ ಒಂದು ಕುಕ್ಕೆ ಸೀಬೆಹಣ್ಣು ಕೊಟ್ಟು ಬಂದರು. ಸಾಯುವವರೆಗೂ ಅವರಿಗೆ ಆ ಡಾಕ್ಟರು ದೇವರೇ.

ಮಗಳು ಮೊದಮೊದಲು ಬೊಬ್ಬೆ ಹೊಡೆಯುತ್ತಿದ್ದಳು. ಒಂಬತ್ತನೆಯ ಸೂಜಿಯ ದಿನ ಅಳಲೂ ಇಲ್ಲ. ಬೆಂಚಿನ ಮೇಲೆ ಮಲಗಿ, ಲಂಗವನ್ನು ತಾನೇ ಕೆಳಗೆ ಸರಿಸಿ, ನರ್ಸು ಸೂಜಿಗೆ ಔಷಧಿ ತುಂಬುವುದನ್ನು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅವ್ವಾ, ನಾಯಿ ಬಾಯಿ ಒರ್ಸಿದ್ದು ನಂದು ತಪ್ಪಾ?"

ಮಾವ ಪಕ್ಕದಲ್ಲೇ ನಿಂತಿದ್ದರು.

"ಹೂಂ ಕಣೇ, ತಪ್ಪು" ಎಂದು ನಾನು ಅವಳ ಎರಡೂ ಕಾಲು ಅದುಮಿ ಹಿಡಿದುಕೊಂಡೆ.