ರಬ್ಬರ್ ಅಂಗೈಗೆ ಚುಚ್ಚಿದ ಸೂಜಿ

ಮಾಟ, ಮಂತ್ರ, ಮೈಮೇಲೆ ಬರುವುದು ಇದಾವುದನ್ನೂ ನಾನು ನಂಬಿದವಳಲ್ಲ. ದೇವರಿದ್ದಾನೆ, ಅಷ್ಟು ಸಾಕು ಎಂದುಕೊಂಡವಳು. ಹಾಗಾಗಿ ಪಾಳ್ಯದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳಲು ನನಗೇ ಸಂಕೋಚ.

ಅತ್ತೆಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿ ಮೂರು ವರ್ಷವಾಗಿತ್ತು. ಮುಟ್ಟಿದರೆ ತಿಳಿಯದು, ಬೆರಳು ಮಡಚದು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು. ದಿನಾ ನಾನು ಆ ಕೈಯನ್ನು ಮಣೆಯ ಮೇಲೆ ಬಿಡಿಸಿಟ್ಟು ದಿಂಬು ಕೊಟ್ಟರೆ, ಬಲಗೈಯಿಂದ ಲಿಂಗ ಇಟ್ಟುಕೊಳ್ಳುತ್ತಿದ್ದರು. "ಸ್ವಾಮಿ ಕೂತವ್ನೋ ಇಲ್ವೋ ಅಂತ್ಲೂ ತಿಳಿಯಾಕಿಲ್ವಲ್ಲೇ" ಎಂದು ಅಳುತ್ತಿದ್ದರು. ಅತ್ತ ಮೇಲೆ ಬೈಗುಳ. ಅದಕ್ಕೆ ನಾನೊಬ್ಬಳೇ ಗಿರಾಕಿ.

ಮೈದುನ ಹಾಸನದ ಕಾಲೇಜೊಂದರಲ್ಲಿ ಮೇಷ್ಟ್ರು. ಕಾಫಿ ಹಣ್ಣನ್ನು ಹಿಸುಕದೆ ಬಿಡಿಸುವ ಮೆತ್ತನೆಯ ರೋಬೋಟ್ ಕೈ ಮಾಡಲು ಹೊರಟಿದ್ದ. ಅಚ್ಚಿಗೆ ಅಲುಗಾಡದ ಕೈ ಬೇಕಿತ್ತು. ಅತ್ತೆಯ ಎಡಗೈಗೇ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದು, ರಬ್ಬರ್ ಹಾಲು ಹೊಯ್ದ. ಕೈಗೆ ಮುಟ್ಟಿದ್ದು ತಿಳಿಯಬೇಕಲ್ಲ, ಅದಕ್ಕೆ ಸೆನ್ಸರ್. ಫಾರಿನ್‌ನದು ದುಬಾರಿ ಎಂದು ತಾನೇ ಉಪಾಯ ಹುಡುಕಿದ್ದ: ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಬರುವ ಕರಿ ಸ್ಪಂಜು, ಅದರ ಮೇಲೆ ಕೆಳಗೆ ಬೆಳ್ಳಿ ಬಣ್ಣದ ಹಾಳೆ, ಸುತ್ತ ಬಟ್ಟೆ. ಒತ್ತಿದರೆ ಪುಟ್ಟ ಬಲ್ಬು ಉರಿಯಬೇಕು. ಹೊಲಿಯುವ ಕೆಲಸ, ಕೇಳುವುದೇನು, ನನ್ನ ಪಾಲಿಗೆ ಬಂತು.

"ಲೋ, ನನ್ ಕೈಗಿಲ್ದಿರೋ ಜೀವ ಈ ರಬ್ಬರ್‌ಗೆ ಬತ್ತದೇನೋ?" ಎಂದರು ಅತ್ತೆ.

"ಜೀವ ಅಲ್ಲ ಕಣವ್ವ, ಮುಟ್ಟಿದ್ದು ತಿಳೀತದೆ ಅಷ್ಟೇ."

"ಹಂಗಾರೆ ನಿಮ್ಮತ್ತಿಗೆಗೂ ಒಂದು ಹೊಲ್ಸಾಕು. ಅವ್ಳಿಗೂ ಏನೂ ತಿಳಿಯಾಕಿಲ್ಲ."

ಆ ಬೆಳಿಗ್ಗೆ ಯಜಮಾನರು ತೋಟಕ್ಕೆ ಹೋಗಿದ್ದರು. ಮೈದುನ ಹಾಸನಕ್ಕೆ ಹೋಗಿದ್ದ, ಬ್ಯಾಟರಿಯೂ ಅವನ ಚೀಲದಲ್ಲೇ ಹೋಗಿತ್ತು. ಅತ್ತೆಯನ್ನು ಪೂಜೆಗೆ ಕೂರಿಸಿ, ಜಗಲಿಯಲ್ಲಿ ರಬ್ಬರ್ ಅಂಗೈಗೆ ಸೆನ್ಸರ್ ಹೊಲಿಯುತ್ತಿದ್ದೆ. ನಡುವೆ ಗೋಡೆ. ಒಳಗಿನಿಂದ ಶುರುವಾಯಿತು: "ಪತ್ರೆ ತೊಳ್ದಿದೀಯೋ, ಹಂಗೇ ಇಟ್ಬುಟ್ಟಿದೀಯೋ? ನಿಮ್ಮಪ್ಪನ ಮನೇಲಿ ದೇವ್ರು ಗೀವ್ರು ಇದ್ರೆ ತಾನೇ ಗೊತ್ತಾಗಾದು!"

ನನ್ನ ಅಪ್ಪ ತೀರಿಕೊಂಡು ತಿಂಗಳಾಗಿರಲಿಲ್ಲ. ಮಡಿಲಲ್ಲಿದ್ದದ್ದು ಥೇಟ್ ಅವರದೇ ಕೈ, ರೇಖೆಗಳೂ ಅವೇ. ಅಂಗೈ ನಡುವಿಗೆ ಸೂಜಿಯನ್ನು ಬುಡದವರೆಗೆ ಚುಚ್ಚಿದೆ. ಬೇಕೆಂದೇ ಚುಚ್ಚಿದೆ.

ಒಳಗೆ ಅತ್ತೆ ಚೀರಿದರು. "ಅಯ್ಯೋ, ಅಂಗೈಗೆ ಯಾರೇ ಚುಚ್ಚಿದ್ದು!"

ಓಡಿದೆ. ದಿಂಬು ಉರುಳಿತ್ತು, ಕೈ ಮಣೆಯಿಂದ ಜಾರಿತ್ತು. ಲಿಂಗ ನೆಲಕ್ಕೆ ಬಿತ್ತೆಂದು ಮಣೆಯ ಸುತ್ತ ಹುಡುಕಿದೆ. ಅದು ಬಿದ್ದರೆ ಅತ್ತೆ ಮತ್ತೆ ಅನ್ನ ನೀರು ಮುಟ್ಟುವವರಲ್ಲ. ಬಿದ್ದಿರಲಿಲ್ಲ. ಮೂರು ವರ್ಷ ಮಡಚದ ಐದೂ ಬೆರಳು ಲಿಂಗವನ್ನು ಭದ್ರವಾಗಿ ಹಿಡಿದಿದ್ದವು. ಅತ್ತೆ ನನ್ನತ್ತ ನೋಡಲೂ ಇಲ್ಲ. "ತಣ್ಣಗೈತೆ ಕಣೇ, ಸ್ವಾಮಿ ತಣ್ಣಗವ್ನೆ" ಎಂದರು. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಸಡಿಲಗೊಂಡವು. ಕೈ ಮೊದಲಿನಂತಾಯಿತು. ಅಂಗೈಯಲ್ಲಿ ಗಾಯವೇನೂ ಇರಲಿಲ್ಲ.

ಸಕಲೇಶಪುರದ ಡಾಕ್ಟರು, ಯಾವಾಗಲೋ ಒಮ್ಮೆ ನರ ಹೀಗೆ ಎಳೆಯುವುದುಂಟು ಎಂದರು. ಇರಬಹುದು. ಆ ಕ್ಷಣಕ್ಕೇ ಯಾಕೆ ಎಂದು ನಾನು ಕೇಳಲಿಲ್ಲ, ಕೇಳಿದರೆ ಸೂಜಿಯ ಮಾತು ಹೇಳಬೇಕಾಗುತ್ತಿತ್ತು.

ಆಮೇಲೆ ಎಷ್ಟೋ ದಿನ ಪೂಜೆಯ ಹೊತ್ತಿಗೆ ಆ ರಬ್ಬರ್ ಅಂಗೈಯನ್ನು ಕದ್ದು ಸವರಿದೆ. ವಿಭೂತಿ ಹಚ್ಚಿ ಕೈಮುಗಿದೆ, ತೊಳೆದ ಪತ್ರೆ ಇಟ್ಟೆ, ಸೂಜಿಯಿಂದ ಮೆಲ್ಲಗೆ ಚುಚ್ಚಿಯೂ ನೋಡಿದೆ. ಒಳಗಿನಿಂದ ಬಂದದ್ದು, "ಹಾಲು ಉಕ್ತಾ ಐತೆ, ಸತ್ತೋಗಿದೀಯೇನೇ ಅಲ್ಲಿ?" ಎಂಬ ಬೈಗುಳ ಮಾತ್ರ.

ಲಿಂಗ ಬೀಳಲಿಲ್ಲ, ಅದೇ ದೊಡ್ಡದು. ಆದರೆ ನನ್ನ ಸಿಟ್ಟು ಗೋಡೆ ದಾಟಿದ್ದು ಹೇಗೆ, ಕೈಮುಗಿದದ್ದು ದಾಟದೆ ಉಳಿದದ್ದು ಯಾಕೆ, ಇವತ್ತಿಗೂ ನನಗೆ ಗೊತ್ತಿಲ್ಲ. ಸ್ವಾಮಿ ಒಂದು ದಿನ ತಮ್ಮ ಕೈ ಮುಟ್ಟಿದ್ದ ಎಂದು ಅತ್ತೆ ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು. ಕಾಫಿ ಲೋಟ ಹಿಡಿದು ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.